‘ಮಲಪ್ರಭಾ’ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ ಪ್ರಾಸ ಯಾವುದು?

ನಮಸ್ಕಾರ. ಒಂದು ಹೆಸರಿನ ಬಗ್ಗೆ ಬಲ್ಲವರನ್ನು ಕೇಳಬೇಕಿದೆ. ನಾನು ಮತ್ತು ನಮ್ಮ ಮನೆಯವರು ಎಲ್ಲಿಯವರೆಗೆ ಹುಡುಕಿದ್ದೇವೆ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಅಣ್ಣನ ಮಗಳ ಹೆಸರು ಮಲಪ್ರಭಾ. ಬೆಳಗಾವಿಯಲ್ಲಿ ಆರನೇ ಇಯತ್ತೆ ಓದುತ್ತಾಳೆ. ನಮ್ಮ ಮೂಲ ಊರು ರಾಮದುರ್ಗ, ಹೊಳೆ ದಂಡೆಯ ಊರು. ಅವಳು ಹುಟ್ಟಿದ್ದು ಶ್ರಾವಣದಲ್ಲಿ, ಹೊಳೆ ತುಂಬಿ ಹರಿಯುವಾಗ. ಅದಕ್ಕೇ ನಮ್ಮವ್ವ ಹೊಳೆಯ ಹೆಸರನ್ನೇ ಇಟ್ಟಳು. ನಮ್ಮ ಭಾಗದಲ್ಲಿ ಈ ಹೆಸರಿನ ಹೆಣ್ಣುಮಕ್ಕಳು ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ (ಒಂದು ಬಗೆಯ ಕುಸ್ತಿ) ಆಡಿ ಕಂಚು ಗೆದ್ದ ಮಲಪ್ರಭಾ ಜಾಧವ್ ಬೆಳಗಾವಿಯವರೇ. ಆದರೆ ಇವಳ ಶಾಲೆಯಲ್ಲಿ ಇವಳೊಬ್ಬಳೇ ಮಲಪ್ರಭಾ.

ಹೋದ ವಾರ ಇಂಗ್ಲಿಷ್ ತಾಸಿನಲ್ಲಿ ಒಂದು ಕೆಲಸ ಕೊಟ್ಟಿದ್ದರು. ಪ್ರತಿಯೊಬ್ಬರೂ ತಮ್ಮ ಹೆಸರು ಸಾಲಿನ ಕೊನೆಗೆ ಬರುವ ಹಾಗೆ ಒಂದು ಸಣ್ಣ ಪದ್ಯ ಬರೆಯಬೇಕು, ಮತ್ತೊಂದು ಸಾಲು ಅದಕ್ಕೆ ರೈಮ್ ಆಗಬೇಕು. ನೀಲ್ ಎನ್ನುವ ಹುಡುಗನಿಗೆ ವೀಲ್, ಮೀಲ್, ಫೀಲ್ ಅಂತ ಎಷ್ಟು ಬೇಕಾದಷ್ಟು. ಜಯ್‌ಗೆ ಡೇ, ಪ್ಲೇ. ಇವಳು ಮಾತ್ರ ಖಾಲಿ ಹಾಳೆ ತಂದಳು. ‘ನಿನ್ನ ಹೆಸರಿಗೆ ಯಾವುದೂ ಹೊಂದುವುದಿಲ್ಲ, ಮನೆಯಲ್ಲಿ ಕರೆಯುವ ಹೆಸರು ಹಾಕು’ ಅಂದರಂತೆ. ಸಂಜೆ ನನ್ನ ಹತ್ತಿರ ಬಂದು, “ಕಾಕಾ, ಇಂಗ್ಲಿಷಿನ್ಯಾಗ ನನ್ನ ಹೆಸರಿಗೆ ಜೋಡಿನ ಇಲ್ಲಂತ. ಬ್ಯಾರೆ ಹೆಸರು ಇಡಬೇಕಿತ್ತಿಲ್ಲೊ?” ಅಂದಳು. ಹನ್ನೊಂದು ವರ್ಷದ ಹುಡುಗಿ ತನ್ನ ಹೆಸರಿನ ಮೇಲೆ ಬೇಜಾರು ಮಾಡಿಕೊಂಡದ್ದು ನನ್ನ ಮನಸ್ಸಿಗೆ ಬಹಳ ಹತ್ತಿತು. ಆವತ್ತಿನಿಂದ ಇದನ್ನೇ ಹಿಡಿದು ಕೂತಿದ್ದೇನೆ.

ಮೊದಲು ಆ ಕರೆಯುವ ಹೆಸರಿನ ವಿಷಯ. ಮನೆಯಲ್ಲಿ ಅವಳು ‘ಪ್ರಭಿ’. ಇದಕ್ಕೆ ಇಂಗ್ಲಿಷಿನಲ್ಲಿ ಪ್ರಾಸ ಬೇಕಾದಷ್ಟಿವೆ. ಚಬ್ಬಿ, ಟಬ್ಬಿ, ಗ್ರಬ್ಬಿ, ಹಬ್ಬಿ. ಅರ್ಥ ನೋಡಿ: ಗುಂಡಗುಂಡಗೆ ಇರುವವಳು, ಡೊಳ್ಳು ಹೊಟ್ಟೆಯವಳು, ಕೊಳಕಾದವಳು, ಕೊನೆಯದು ಗಂಡ. ಆರನೇ ಇಯತ್ತೆಯ ಹುಡುಗಿ ಇವುಗಳಲ್ಲಿ ಯಾವುದನ್ನು ತನ್ನ ಹೆಸರಿನ ಪಕ್ಕ ಬರೆದಾಳು? ವರ್ಷಪೂರ್ತಿ ಅದೇ ಅವಳ ಅಡ್ಡಹೆಸರಾಗುತ್ತದೆ. ಪ್ರಭಿ ಬೇಡ ಅಂತ ಅಲ್ಲಿಗೇ ಬಿಟ್ಟೆವು.

‘ಮಲಪ್ರಭೆ’ ಅಂತ ಕನ್ನಡದ ರೀತಿಯಲ್ಲಿ ಬರೆದರೆ? ಗಂಗಾ ಗಂಗೆಯಾದ ಹಾಗೆ, ಮಾಲಾ ಮಾಲೆಯಾದ ಹಾಗೆ ಇದೂ ಸರಿಯಾದ ರೂಪವೇ. ಆದರೆ ಇಲ್ಲಿ ದಾರಿ ಪೂರಾ ಮುಚ್ಚಿದೆ. ಇಂಗ್ಲಿಷಿನ ಮಾಮೂಲಿ ಪದಗಳು ಹ್ರಸ್ವ ‘ಎ’ಕಾರದಲ್ಲಿ ಮುಗಿಯುವುದೇ ಇಲ್ಲ. ಬೆಡ್, ಪೆನ್ ಅನ್ನುವಾಗ ನಡುವೆ ಬರುವ ಆ ‘ಎ’ ಇದೆಯಲ್ಲ, ಅದರ ನಂತರ ಒಂದು ವ್ಯಂಜನ ಬೇಕೇ ಬೇಕು. ನಮಗೋ ಮನೆ, ಹೊಳೆ, ಮಳೆ, ಕತೆ ಅಂತ ಅರ್ಧ ಭಾಷೆಯೇ ಆ ಸ್ವರದಲ್ಲಿ ಮುಗಿಯುತ್ತದೆ.

ಉಳಿದದ್ದು ‘ಮಲಪ್ರಭಾ’. ಜಾಸ್ತಿ ಹೊತ್ತು ಕಳೆದದ್ದು ಇದರ ಮೇಲೆಯೇ.

ಇಂಗ್ಲಿಷಿನ ರೈಮ್ ಕಿವಿಯ ಲೆಕ್ಕ, ಕಾಗದದ ಲೆಕ್ಕ ಅಲ್ಲ. ಇದನ್ನು ಪುಟ್ಟಿಗೆ ತಿಳಿಸಲು ಎರಡು ಜೋಡಿ ಬರೆದು ತೋರಿಸಿದೆ. ‘ಡಾಟರ್’ ಮತ್ತು ‘ಲಾಫ್ಟರ್’. ಇಂಗ್ಲಿಷಿನಲ್ಲಿ ಬರೆದರೆ ಮೊದಲ ಅಕ್ಷರ ಬಿಟ್ಟು ಉಳಿದದ್ದೆಲ್ಲ ಒಂದೇ. ಆದರೂ ರೈಮ್ ಆಗುವುದಿಲ್ಲ. ‘ಡಾಟರ್’ ಮತ್ತು ‘ವಾಟರ್’ ಬರವಣಿಗೆಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ, ಆದರೆ ಇಂಗ್ಲೆಂಡಿನ ಉಚ್ಚಾರದಲ್ಲಿ ಚೆನ್ನಾಗಿ ಕೂಡುತ್ತವೆ. “ಮಗಳು, ನೀರು. ಅಂದ್ರ ನಾನs ಆದ್ನೆಲ್ಲಾ!” ಅಂದಳು. ನನಗೆ ಅದು ಹೊಳೆದಿರಲಿಲ್ಲ.

ಎರಡನೆಯ ಮಾತು, ಅವರಲ್ಲಿ ರೈಮ್ ಶುರುವಾಗುವುದು ಒತ್ತು ಬೀಳುವ ಸ್ವರದಿಂದ. ಅಲ್ಲಿಂದ ಕೊನೆಯವರೆಗೆ ಸದ್ದು ಒಂದೇ ಇರಬೇಕು, ಅದರ ಹಿಂದಿನ ವ್ಯಂಜನ ಬೇರೆ ಇರಬೇಕು. ಹಾಗಾದರೆ ಮಲಪ್ರಭಾ ಅನ್ನುವಾಗ ಒತ್ತು ಎಲ್ಲಿ? ಕನ್ನಡದಲ್ಲಿ ನಾವು ಆ ಥರ ಗುದ್ದಿ ಹೇಳುವುದಿಲ್ಲ. ನಮ್ಮದು ಉದ್ದ ಗಿಡ್ಡದ ಲೆಕ್ಕ.

ಬೇರೆ ಕಡೆಯವರು ಈ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ನೋಡಿದರೆ ಒತ್ತನ್ನು ‘ಪ್ರ’ ಮೇಲೆ ಹಾಕುವ ಸಾಧ್ಯತೆ ಹೆಚ್ಚು. ಆಗ ಕೊನೆಯ ‘ಭಾ’ ಕುಗ್ಗಿ ‘ಬ’ ಆಗಿಬಿಡುತ್ತದೆ. ಇಂಗ್ಲೆಂಡಿನ ಹೆಚ್ಚಿನ ಭಾಗದಲ್ಲಿ ಪದದ ಕೊನೆಯ ‘ರ್’ ಹೇಳುವುದಿಲ್ಲ. ರಬ್ಬರ್ ಅವರ ಬಾಯಲ್ಲಿ ‘ರಬ’. ಎರಡು ಬಿ ಬರೆದರೂ ಕಿವಿಗೆ ಬೀಳುವುದು ಒಂದೇ ‘ಬ’. ನಮ್ಮ ಕತೆಗೂ ಕತ್ತೆಗೂ ಇರುವ ವ್ಯತ್ಯಾಸ ಅವರಿಗೆ ಅಲ್ಲಿ ಇಲ್ಲ. ಹೀಗಾಗಿ ಅವರ ಕಿವಿಗೆ ಪ್ರಭಾ ಜೊತೆ ರಬ್ಬರ್, ಬ್ಲಬ್ಬರ್, ಲ್ಯಾಂಡ್‌ಲಬ್ಬರ್ ಕೂಡುತ್ತವೆ. ಬ್ಲಬ್ಬರ್ ಅಂದರೆ ತಿಮಿಂಗಿಲದ ಕೊಬ್ಬು. ಲ್ಯಾಂಡ್‌ಲಬ್ಬರ್ ಅಂದರೆ ಹಡಗಿನ ಮೇಲೆ ಎಂದೂ ಕಾಲಿಡದ ನೆಲದ ಮನುಷ್ಯನಿಗೆ ಹಡಗಿನವರು ಹೇಳುವ ಮಾತು. ಹೊಳೆಯ ಹೆಸರಿನ ಹುಡುಗಿಗೆ ಇದು ಜೋಡಿಯಾಗಿ ಬಂದದ್ದು ನನಗೆ ತುಂಬ ಇಷ್ಟವಾಯಿತು. ಆದರೆ ಅವಳ ತರಗತಿಯಲ್ಲಿ ಎಲ್ಲರೂ ‘ರ್’ ಗಟ್ಟಿಯಾಗಿಯೇ ಹೇಳುತ್ತಾರೆ. ಅಮೆರಿಕದಲ್ಲೂ ಹೆಚ್ಚಿನವರು ಹೇಳುತ್ತಾರೆ. ಬೆಳಗಾವಿಯಲ್ಲಿ ಓದಿದರೆ ರಬ್ಬರ್ ರಬ್ಬರ್ ಆಗಿಯೇ ಉಳಿಯುತ್ತದೆ, ಮಲಪ್ರಭಾ ಮಲಪ್ರಭಾ ಆಗಿಯೇ ಉಳಿಯುತ್ತಾಳೆ.

ಕೆಲವರು ಇನ್ನೂ ಮುಂದೆ ಹೋಗಿ ‘ಪ್ರಾಬಾ’ ಅಂತ ಎಳೆಯುತ್ತಾರೆ. ಆಗ ಇಂಗ್ಲೆಂಡಿನ ‘ಹಾರ್ಬರ್’ ಜೊತೆ ಕೂಡುತ್ತದೆ. ನದಿ, ಬಂದರು, ಅರ್ಥವೂ ಹತ್ತಿರ. ಆದರೆ ಪ್ರಾಸಕ್ಕಾಗಿ ಹೆಸರನ್ನು ತಪ್ಪು ಹೇಳುವುದು ನನಗೆ ಒಪ್ಪಿಗೆ ಇಲ್ಲ. ಪ್ರಭಾ ಅಂದರೆ ಬೆಳಕು. ಪ್ರಾಬಾ ಅಂದರೆ ಏನೂ ಇಲ್ಲ.

ದಾರಿ ತೋರಿಸಿದವಳು ನಮ್ಮವ್ವ. ಮೊಮ್ಮಕ್ಕಳಿಗೆ ಅವಳು ಆಯಿ. ಅವತ್ತು ಒಲೆ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಪುಟ್ಟಿ ಪಕ್ಕದಲ್ಲಿ ಕೂತು ಪೆನ್ಸಿಲ್ಲಿನಿಂದ ಕಂಪಾಸ್ ಡಬ್ಬಿ ಕುಟ್ಟುತ್ತ ಹೆಸರನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಆಯಿ ಕೈ ನಿಲ್ಲಿಸದೆ, “ಹಂಗಲ್ಲವಾ, ನನ್ನ ಕೈ ಕೂಡ ಅನ್ನು” ಅಂದಳು. ರೊಟ್ಟಿ ಬಡಿಯುವ ಕೈಗೆ ಒಂದು ಹಗುರ ಏಟು, ಒಂದು ಭಾರದ ಏಟು. ಮ-ಲಪ್, ರ-ಭಾ. ಮ-ಲಪ್, ರ-ಭಾ. ಹಿಟ್ಟು ತಿರುಗುತ್ತಿತ್ತು, ಹೆಸರು ಅದರ ಮೇಲೆ ಸರಿಯಾಗಿ ಬೀಳುತ್ತಿತ್ತು.

ಛಂದಸ್ಸಿನ ಲೆಕ್ಕವೂ ಅದೇ. ‘ಮ’ ಲಘು. ‘ಲ’ದ ಮುಂದೆ ‘ಪ್ರ’ ಎಂಬ ಒತ್ತಕ್ಷರ ಇರುವುದರಿಂದ ಅದು ಗುರು. ‘ಪ್ರ’ ಲಘು, ‘ಭಾ’ ಗುರು. ಲಘು ಗುರು ಲಘು ಗುರು. ಇಂಗ್ಲಿಷ್ ಪದ್ಯದಲ್ಲಿ ತುಂಬ ಬಳಕೆಯಲ್ಲಿರುವ ನಡೆಯೂ ಇದೇ: ಮೆಲ್ಲಗೆ ಒಂದು, ಜೋರಾಗಿ ಒಂದು. ಅವರು ಅದನ್ನು ಅಯಾಂಬಿಕ್ ಅನ್ನುತ್ತಾರೆ. ಅಂದರೆ ಹೆಸರನ್ನು ನಮ್ಮ ಬಾಯಲ್ಲಿ ಇದ್ದ ಹಾಗೆಯೇ ಹೇಳಿದರೆ ಅದು ಇಂಗ್ಲಿಷ್ ಸಾಲಿನ ಕೊನೆಗೆ ತಾನಾಗಿಯೇ ಕೂರುತ್ತದೆ. ಕೊನೆಯ ಒತ್ತು ‘ಭಾ’ ಮೇಲೆ ಬೀಳುತ್ತದೆ. ಹುಡುಕಬೇಕಾದ್ದು ‘ಆ’ಕಾರದಲ್ಲಿ ಮುಗಿಯುವ ಇಂಗ್ಲಿಷ್ ಪದ ಮಾತ್ರ. ‘ಭ’ದ ಚಿಂತೆ ಬೇಕಿಲ್ಲ, ರೈಮಿನಲ್ಲಿ ಆ ವ್ಯಂಜನ ಬೇರೆ ಇರಬೇಕಾದ್ದೇ ನಿಯಮ. ಇಂಗ್ಲಿಷಿನಲ್ಲಿ ಮಹಾಪ್ರಾಣದ ‘ಭ’ ಇಲ್ಲದಿರುವುದು ಇಲ್ಲಿ ಅಡ್ಡಿಯೇ ಅಲ್ಲ.

ಅಂಥ ಪದಗಳು ಕಡಿಮೆ. ಸ್ಪಾ, ಶಾ, ಹುರ್ರಾ, ಕುರಿಯ ಬಾ, ನಗುವಾಗಿನ ಹಾ ಹಾ. ಗ್ರ್ಯಾಂಡ್‌ಮಾದಲ್ಲಿ ಒತ್ತು ಮೊದಲಿಗೇ ಬಿದ್ದರೂ ಕೊನೆಯ ‘ಮಾ’ ಉದ್ದವಾಗಿ ಹೇಳಿದರೆ ನಡೆಯುತ್ತದೆ. ಇವುಗಳಲ್ಲಿ ಬಹಳಷ್ಟು ಹೊರಗಿನಿಂದ ಬಂದವು ಅಥವಾ ಉದ್ಗಾರಗಳು. ಸ್ಪಾ ಬೆಲ್ಜಿಯಂನ ಒಂದು ಊರಿನ ಹೆಸರು, ಶಾ ಪಾರಸಿಯದು. ಸ್ಟಾರ್, ಕಾರ್, ಫಾರ್ ಸೇರಿಸಬಹುದಿತ್ತು, ಮತ್ತೆ ಅದೇ ‘ರ್’ ತಕರಾರು.

ಈ ಕೊರತೆ ಹೆಸರಿನದಲ್ಲ. ಇಂಗ್ಲಿಷಿನ ಎಷ್ಟೋ ದಿನಬಳಕೆಯ ಪದಗಳಿಗೇ ಜೋಡಿ ಇಲ್ಲ. ‘ಮಂತ್’ಗೆ ಇಲ್ಲ. ‘ಆರೆಂಜ್’ಗೆ ಸಿಗುವುದು ವೇಲ್ಸ್‌ನ ಒಂದು ಗುಡ್ಡದ ಹೆಸರು, ಬ್ಲಾರೆಂಜ್. ಕಿತ್ತಳೆಗೆ ಗುಡ್ಡದ ಹೆಸರು ಜೋಡಿ ಆಗುವುದಾದರೆ ನಮ್ಮ ಹೊಳೆಗೆ ಹುರ್ರಾ ಏಕೆ ಆಗಬಾರದು? ಪುಟ್ಟಿಗೆ ಇದನ್ನು ಹೇಳಿದ ಮೇಲೆ ಅವಳು ಒಂದೇ ತಾಸಿನಲ್ಲಿ ಎರಡು ಸಾಲು ಕಟ್ಟಿದಳು:

ಮೈ ಗ್ರ್ಯಾನಿ ಲಾಫ್ಡ್ ಅಂಡ್ ಸೆಡ್ ಹುರ್ರಾ,
ಫಾರ್ ಐ ಆ್ಯಮ್ ಕಾಲ್ಡ್ ಮಲಪ್ರಭಾ.

ರೊಟ್ಟಿಯ ಏಟಿಗೆ ಓದಿ ನೋಡಿ, ಎರಡೂ ಸಾಲಿಗೆ ನಾಲ್ಕು ನಾಲ್ಕು ಭಾರದ ಏಟು ಸರಿಯಾಗಿ ಬರುತ್ತವೆ.

ಇಷ್ಟಾದ ಮೇಲೆ ನನಗೆ ಇನ್ನೊಂದು ವಿಷಯ ಕಾಡಿತು. ನಾವು ರೈಮ್‌ಗೆ ಸುಮ್ನೆ ‘ಪ್ರಾಸ’ ಅಂತ ಅನುವಾದ ಮಾಡಿಬಿಡುತ್ತೇವೆ. ಅದು ಸರಿಯೇ? ರೈಮ್ ಬಾಲ ನೋಡುತ್ತದೆ. ನಮ್ಮ ಹಳೆಯ ಪ್ರಾಸ ತಲೆಯ ಹತ್ತಿರ ನೋಡುತ್ತದೆ, ಸಾಲಿನ ಎರಡನೇ ಅಕ್ಷರದಲ್ಲಿ. ಇದಕ್ಕೆ ಸಾಕ್ಷಿ ಇದೇ ಮಲಪ್ರಭಾ ಕಣಿವೆಯಲ್ಲಿದೆ. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ಸುಮಾರು 300 ಕಿಲೋಮೀಟರ್ ದಾರಿಯಲ್ಲಿ ಈ ಹೊಳೆ ಪಟ್ಟದಕಲ್ಲು, ಐಹೊಳೆಗಳ ಪಕ್ಕದಲ್ಲೇ ಹಾಯುತ್ತದೆ. ಅಲ್ಲೇ ಹತ್ತಿರ ಬಾದಾಮಿಯ ಬಂಡೆಯ ಮೇಲೆ ಕ್ರಿ.ಶ. 700ರ ಸುಮಾರಿನ ಕಪ್ಪೆ ಅರಭಟ್ಟನ ಶಾಸನ. (ಅಪರೂಪದ ಹೆಸರು ಅಂದರೆ ಅದು!) ಅದರ ತ್ರಿಪದಿಯ ಸಾಲುಗಳು ಶುರುವಾಗುವುದು ಹೀಗೆ: ಸಾಧುಗೆ, ಬಾಧಿಪ್ಪ, ಮಾಧವನೀತನ್. ಎರಡನೇ ಅಕ್ಷರ ಮೂರರಲ್ಲೂ ‘ಧ’. ಇನ್ನೊಂದರಲ್ಲಿ ಕಟ್ಟಿದ, ಬಿಟ್ಟವೋಲ್, ಕೆಟ್ಟರ್. ಅಲ್ಲಿ ‘ಟ್ಟ’. ಪ್ರಾಸಾಕ್ಷರದ ಹಿಂದೆ ಹ್ರಸ್ವ ಇದ್ದರೆ ಸಿಂಹ, ದೀರ್ಘ ಇದ್ದರೆ ಗಜ, ದಡ್ಡಕ್ಕರ ಅಂದರೆ ದ್ವಿತ್ವ ಬಂದರೆ ಹಯ ಅಂತ ಛಂದಸ್ಸಿನವರು ಹೆಸರನ್ನೂ ಕೊಟ್ಟಿದ್ದಾರೆ. ಹಾಗೆ ನೋಡಿದರೆ ಸಾಧುಗೆ ಬಾಧಿಪ್ಪ ಗಜ, ಕಟ್ಟಿದ ಬಿಟ್ಟವೋಲ್ ಹಯ. ನಮ್ಮ ಮಲಪ್ರಭಾ ಸಿಂಹಪ್ರಾಸ.

ಆ ಕಣ್ಣಿನಿಂದ ಹುಡುಕಿದರೆ ಜೋಡಿಗಳಿಗೆ ಬರವೇ ಇಲ್ಲ. ನೆಲ, ಹೊಲ, ಜಲ, ಒಲೆ, ಬೆಲೆ, ಒಲವು, ಗೆಲುವು, ಚೆಲುವು, ಸಲಹು. ಆಯಿಗೆ ಸಿಂಹ, ಗಜ ಯಾವುದೂ ಗೊತ್ತಿಲ್ಲ. ಬೀಸುಕಲ್ಲಿನ ಪದ ಹಾಡಿ ಬೆಳೆದವಳು. ಪುಟ್ಟಿ ತನ್ನ ಇಂಗ್ಲಿಷ್ ಸಾಲು ಓದಿ ತೋರಿಸಿದ ಮೇಲೆ, “ತಡಿ, ನಾನೂ ಒಂದು ಅಂತೀನಿ” ಅಂತ ಅಲ್ಲೇ ಕೂತು ಕಟ್ಟಿದಳು:

ಮಲಪ್ರಭಿ ಬಂದಾಳ ಹೊಲಗದ್ದಿ ತೊಯಿಸ್ಯಾಳ
ಸಲವ್ಯಾಳ ನಮ್ಮ ಊರೆಲ್ಲ – ಬ್ಯಾಸಿಗಿಯ
ನೆಲದಾಗ ತಂಪ ಉಳಿಸ್ಯಾಳ

ಮಲ, ಸಲ, ನೆಲ. ನಡುವೆ ಒಂದು ಹೊಲ. ಯಾರೂ ಹೇಳಿಕೊಡದೆ ಬಂದದ್ದು. ಪುಟ್ಟಿ ಇದನ್ನೂ ಅದೇ ಹಾಳೆಯ ಕೆಳಗೆ ಬರೆದುಕೊಂಡಿದ್ದಾಳೆ.

ಈಗ ನನ್ನ ಪ್ರಶ್ನೆಗಳು. ಒಂದು, ‘ಹುರ್ರಾ’ ಈಗ ಸ್ವಲ್ಪ ಹಳೆಯ ಕಾಲದ್ದು ಅನಿಸುತ್ತದೆ ಅಲ್ವಾ? ಮಕ್ಕಳೆಲ್ಲ ‘ಹುರ್ರೇ’ ಅನ್ನುತ್ತಾರೆ, ಹಾಗೆ ಓದಿಬಿಟ್ಟರೆ ಪ್ರಾಸವೇ ಹೋಯಿತು. ‘ಆ’ದಲ್ಲಿ ಮುಗಿಯುವ, ಒತ್ತೂ ಅಲ್ಲೇ ಬೀಳುವ, ಹನ್ನೊಂದು ವರ್ಷದವರು ದಿನಾ ಬಳಸುವ ಬೇರೆ ಇಂಗ್ಲಿಷ್ ಪದ ಇದ್ದರೆ ತಿಳಿಸಿ. ಘಟಪ್ರಭಾ ಅಂತ ಹೆಸರಿಟ್ಟುಕೊಂಡವರಿಗೂ ಅದು ಉಪಯೋಗಕ್ಕೆ ಬರುತ್ತದೆ, ಅದೂ ಇದೇ ನಡೆಯ ಹೆಸರು.

ಎರಡು, ರೈಮ್ ಅನ್ನುವುದಕ್ಕೆ ನಿಮ್ಮ ಕಡೆ ಏನಂತಾರೆ? ‘ರೈಮ್ಸ್ ಹೇಳು’ ಅಂದರೆ ನಮ್ಮಲ್ಲಿ ಮಕ್ಕಳ ಪದ್ಯ ಹೇಳು ಅಂತಲೇ ಅರ್ಥವಾಗಿಬಿಟ್ಟಿದೆ. ‘ಅಂತ್ಯಪ್ರಾಸ’ ಪರೀಕ್ಷೆಯ ಹಾಳೆಯ ಮಾತು. ನಮ್ಮ ಆಯಿ ‘ಜೋಡು ಕೂಡತೈತಿ’ ಅನ್ನುತ್ತಾಳೆ, ಎರಡೆತ್ತು ಒಂದೇ ನೊಗಕ್ಕೆ ಹೊಂದಿದ ಹಾಗೆ. ಬಾಗಲಕೋಟೆ, ವಿಜಯಪುರದ ಕಡೆಯ ಹಾಡುವ ಹೆಣ್ಣುಮಕ್ಕಳು ಇದಕ್ಕೆ ಯಾವ ಮಾತು ಬಳಸುತ್ತಾರೆ ಅಂತ ಯಾರಾದರೂ ಮನೆಯ ಹಿರಿಯರನ್ನು ಕೇಳಿ ಬರೆದರೆ ದೊಡ್ಡ ಉಪಕಾರ. ಸೋಮವಾರ ಅವಳು ಹಾಳೆ ಕೊಡಬೇಕು. ಅಷ್ಟರೊಳಗೆ ಹುರ್ರಾದ ಮಾತನ್ನಾದರೂ ಯಾರಾದರೂ ಹೇಳಿ.