ರಾತ್ರಿ ಆಟಕ್ಕೆ ಯಾವುದು: ಡಿಎಸ್ಎಲ್ಆರಾ, ಕಾಂಪ್ಯಾಕ್ಟಾ?

ಪ್ರಶ್ನೆ:
ನಮ್ಮ ಕಡೆ ಯಕ್ಷಗಾನದ ಫೋಟೋ ತೆಗೆಯುವ ಹುಚ್ಚು ಹತ್ತಿದೆ. ಫೋನಲ್ಲಿ ತೆಗೆದರೆ ಧಿಗಿಣ (ಗಿರಕಿ ಹೊಡೆಯುವ ಕುಣಿತ) ಹಾಕುವಾಗ ವೇಷ ಪೂರ್ತಿ ಕಲಸಿಹೋಗುತ್ತದೆ. ಹಳೇ ಕ್ಯಾನನ್ 1500ಡಿ (ಲೆನ್ಸ್ ಬದಲಿಸಬಹುದಾದ ಡಿಎಸ್ಎಲ್ಆರ್ ಕ್ಯಾಮೆರಾ), 18-55 ಮಿ.ಮೀ. ಜೂಮ್ ಲೆನ್ಸ್ ಜೊತೆ ಸಿಗುತ್ತಿದೆ. ಇಲ್ಲಾಂದ್ರೆ ಜೇಬಿಗೆ ಹಿಡಿಯುವ ಕಾಂಪ್ಯಾಕ್ಟ್. ಯಾವುದು ತಗೊಳ್ಳಲಿ?

ಉತ್ತರ 1:
ಡಿಎಸ್ಎಲ್ಆರ್, ಯೋಚನೆನೇ ಬೇಡ. ಅಗ್ಗದ ಕಾಂಪ್ಯಾಕ್ಟಿನ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಸುಮಾರು 6.2 x 4.6 ಮಿ.ಮೀ. 1500ಡಿಯದ್ದು 22.3 x 14.9. ಹತ್ತು ಪಟ್ಟಿಗಿಂತ ಜಾಸ್ತಿ ಜಾಗ, ಕತ್ತಲಲ್ಲಿ ಅದೇ ಕೈ ಹಿಡಿಯುವುದು.

ಉತ್ತರ 2:
ಅರ್ಧ ಸರಿ. ನಾನೂ ಹೀಗೇ ತಗೊಂಡು ಮೊದಲ ರಾತ್ರಿಯೇ ಪೆಚ್ಚಾದೆ, ಯಾಕಂದ್ರೆ ಆ 18-55 ಲೆನ್ಸ್ ಪೂರ್ತಿ ಜೂಮ್ ಮಾಡಿದರೆ ಎಫ್ 5.6ಕ್ಕೆ ಬರುತ್ತದೆ (ಎಫ್ ಅಂಕಿ ದೊಡ್ಡದಾದಷ್ಟು ಒಳಗೆ ಬರುವ ಬೆಳಕು ಕಡಿಮೆ), ಬೆಳಕು ಸಾಲದೆ ಕಿರೀಟದ ಮಿಂಚೊಂದು ಬಿಟ್ಟು ಉಳಿದದ್ದೆಲ್ಲ ಮಂಜು. ಆಮೇಲೆ 50 ಮಿ.ಮೀ. ಎಫ್ 1.8 ಲೆನ್ಸ್ ಹಾಕಿದೆ, ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. ಶಟರ್ 1/500 ಸೆಕೆಂಡಿಗೆ ಇಟ್ಟರೂ ಕಣ್ಣಿನ ಕಾಡಿಗೆ ಕಾಣುತ್ತದೆ. ಜೂಮ್ ಇಲ್ಲ, ಮುಂದೆ ಹೋಗಿ ಕೂರಬೇಕು. ಫ್ಲಾಶ್ ಮಾತ್ರ ಹಾಕಬೇಡಿ ಮಾರಾಯ್ರೆ.

ಉತ್ತರ 3:
ಸೋನಿ ಆರ್‌ಎಕ್ಸ್100 ಥರದ್ದು ನೋಡಿದಿರಾ? 'ಒಂದು ಇಂಚು' ಅಂತ ಕರೆಯುವ ಸೆನ್ಸರ್ (ನಿಜ ಅಳತೆ 13.2 x 8.8 ಮಿ.ಮೀ.), 240 ಗ್ರಾಂ. ಜೂಮ್ ಮಾಡಿದರೆ ಅದೂ ಎಫ್ 4.9, ನಿಜ. ಆದರೆ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣ ಹಚ್ಚುವಾಗ ಯಾರಿಗೂ ಮುಜುಗರ ಆಗಲ್ಲ.

ಪ್ರಶ್ನೆ ಕೇಳಿದವರು:
ಹಾಗಾದ್ರೆ 1500ಡಿ, 18-55 ಬಿಟ್ಟು ಬರೀ ಬಾಡಿ ಕೊಡ್ತಾರಾ ಕೇಳುತ್ತೇನೆ.