ಕಮಿಷನ್ ಇರಲಿ, ಲಿಸ್ಟಿಂಗ್ ಯಾರ ಹೆಸರಲ್ಲಿ?

ಅಪ್ಪನ ಮನೆಯನ್ನು ಒಂದೆರಡು ದಿನಕ್ಕೆ, ಹೆಚ್ಚೆಂದರೆ ವಾರಕ್ಕೆ ಬರುವ ಅತಿಥಿಗಳಿಗೆ ಬಾಡಿಗೆಗೆ ಕೊಡುತ್ತಿದ್ದೇವೆ. ಪಾಲು ಮೂವರದ್ದು: ಅಣ್ಣ, ಅಕ್ಕ, ನಾನು. ಮೂವರಲ್ಲಿ ಒಬ್ಬರೂ ಆ ಊರಿನಲ್ಲಿಲ್ಲ. ಏರ್‌ಬಿಎನ್‌ಬಿಯಂಥ ಬಾಡಿಗೆ ವೆಬ್‌ಸೈಟ್‌ಗಳಲ್ಲಿ ಮನೆಯ ಪುಟ (ಲಿಸ್ಟಿಂಗ್) ಹಾಕಿ, ಇಷ್ಟು ದಿನ ಅಕ್ಕನೇ ಫೋನಿನಲ್ಲಿ ಎಲ್ಲ ನೋಡಿಕೊಳ್ಳುತ್ತಿದ್ದಳು. ಅಣ್ಣ ಒಂದು ಮ್ಯಾನೇಜ್‌ಮೆಂಟ್ ಕಂಪನಿಯ ಕರಾರು ಪತ್ರವನ್ನು ಮನೆಯ ಗುಂಪಿಗೆ ಹಾಕಿದ ಮೇಲೆ ನಡೆದ ಮಾತು ಇದು. ಗುಡ್ ಮಾರ್ನಿಂಗ್ ಹೂಗಳನ್ನು ತೆಗೆದಿದ್ದೇನೆ.

ಅಣ್ಣ: (ಪಿಡಿಎಫ್) ಎಲ್ಲರೂ ಓದಿ. ಶೇ 20 ಕಮಿಷನ್. ಬುಕಿಂಗ್, ಕ್ಲೀನಿಂಗ್, ಕೀ, ಅತಿಥಿಗಳ ಫೋನು, ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ನಾಳೆ ಸಹಿ ಹಾಕಿ ಕಳಿಸೋಣ.

ಅಕ್ಕ: ನಾಳೆನಾ?

ಅಣ್ಣ: ಮತ್ತೆ ಯಾವಾಗ? ಸೀಸನ್ ಮುಗಿದ ಮೇಲಾ? ಗೀಸರ್ ಕೆಟ್ಟಾಗ ಎಷ್ಟು ಪಾಡು ಪಟ್ಟೆವು ನೆನಪಿದೆಯಾ.

ಅಕ್ಕ: ಪಟ್ಟೆವು? ರಾತ್ರಿ ಹನ್ನೊಂದಕ್ಕೆ ಪ್ಲಂಬರ್‌ನ ಕಾಡಿ ಬೇಡಿ ಕಳಿಸಿದವಳು ನಾನು. ನೀನು ಬೆಳಿಗ್ಗೆ ಎದ್ದು ಹೆಬ್ಬೆರಳು ತೋರಿಸಿದೆ, ಅಷ್ಟೆ.

ಅಣ್ಣ: ಅದಕ್ಕೇ ಹೇಳುತ್ತಿರೋದು. ಇನ್ನು ಮೇಲೆ ನೀನು ಕಾಡಿ ಬೇಡೋದು ಬೇಡ.

ಚಿಕ್ಕಪ್ಪ: ಒಳ್ಳೆಯ ಯೋಚನೆ. ಎಲ್ಲರಿಗೂ ಶುಭವಾಗಲಿ.

ಭಾವ: ಶೇ 20 ಅಂದರೆ ಯಾವುದರ ಮೇಲೆ? ಅದನ್ನು ಎಲ್ಲಿ ಬರೆದಿದ್ದಾರೆ?

ಅಣ್ಣ: ಬಾಡಿಗೆ ಮೇಲೆ ಭಾವ. ಇನ್ನೇನು.

ನಾನು: ಇಲ್ಲ ಅಣ್ಣ. ನಾಲ್ಕನೇ ಪುಟ ನೋಡು. ‘ಒಟ್ಟು ಬುಕಿಂಗ್ ಮೊತ್ತದ ಮೇಲೆ’ ಅಂತಿದೆ. ಅತಿಥಿ ಕೊಡುವ ಕ್ಲೀನಿಂಗ್ ಫೀ, ವೆಬ್‌ಸೈಟ್ ಹಿಡಿದುಕೊಳ್ಳುವ ಶುಲ್ಕ, ಎರಡೂ ಅದರೊಳಗೆ ಬರುತ್ತವೆ. ಅತಿಥಿ ಒಟ್ಟು 100 ಕೊಟ್ಟ ಅಂದುಕೋ. ಏರ್‌ಬಿಎನ್‌ಬಿಯಲ್ಲಿ ಶುಲ್ಕವನ್ನೆಲ್ಲ ಮನೆಯವರಿಂದಲೇ ತೆಗೆಯುವ ಲೆಕ್ಕದಲ್ಲಿ ಅದು ಶೇ 15ರ ಆಸುಪಾಸು. ಉಳಿದದ್ದು 85. ಕ್ಲೀನಿಂಗ್‌ಗೆ 10 ಹೋದರೆ 75. ಶೇ 20 ಅನ್ನು ಈ 75ರ ಮೇಲೆ ಹಾಕಿದರೆ ಅವರಿಗೆ 15, ನಮಗೆ 60. ಕರಾರಿನಲ್ಲಿರುವ ಹಾಗೆ 100ರ ಮೇಲೆ ಹಾಕಿದರೆ ಅವರಿಗೆ 20, ನಮಗೆ 55. ಅಂದರೆ ನಿಜವಾಗಿ ಉಳಿಯುವ ದುಡ್ಡಿನಲ್ಲಿ ಅವರ ಪಾಲು ಹತ್ತಿರ ಹತ್ತಿರ ಶೇ 27.

ಭಾವ: ಅದೇ ನನ್ನ ಪ್ರಶ್ನೆ ಆಗಿತ್ತು.

ಅಣ್ಣ: ಐದು ಕಮ್ಮಿ ಬಂದರೆ ಬರಲಿ. ನೆಮ್ಮದಿಗೆ ಬೆಲೆ ಇಲ್ವಾ?

ಅಕ್ಕ: ನೆಮ್ಮದಿ ಕೊಡುತ್ತಾರೆ ಅಂತ ಯಾರು ಹೇಳಿದ್ದು? ಅವರೇ ತಾನೇ?

ಅತ್ತಿಗೆ: ಒಂದು ಕೇಳಲಾ. ಒಂದು ಮಂಚಕ್ಕೆ ಎಷ್ಟು ಸೆಟ್ ಬೆಡ್‌ಶೀಟ್ ಇಡುತ್ತಾರಂತೆ?

ಅಣ್ಣ: ಇಷ್ಟೆಲ್ಲ ಮಾತಿನ ನಡುವೆ ಬೆಡ್‌ಶೀಟಾ?

ಅತ್ತಿಗೆ: ಹೌದು ರೀ. ಹನ್ನೊಂದಕ್ಕೆ ಒಬ್ಬರು ಖಾಲಿ ಮಾಡುತ್ತಾರೆ, ಮೂರಕ್ಕೆ ಇನ್ನೊಬ್ಬರು ಬರುತ್ತಾರೆ. ನಾಲ್ಕು ಗಂಟೆಯಲ್ಲಿ ಒಗೆದು ಒಣಗಿಸಿ ಹಾಸೋಕೆ ಆಗುತ್ತಾ? ಮೂರು ಸೆಟ್ ಬೇಕು. ಒಂದು ಹಾಸಿಗೆ ಮೇಲೆ, ಒಂದು ಒಗೆಯೋಕೆ, ಒಂದು ಬೀರುವಿನಲ್ಲಿ. ಈ ಕೆಲಸ ಗೊತ್ತಿರುವವರು ಕೇಳಿದ ತಕ್ಷಣ ಹೇಳುತ್ತಾರೆ. ಗೊತ್ತಿಲ್ಲದವರು ‘ನಮ್ಮ ತಂಡ ನೋಡಿಕೊಳ್ಳುತ್ತದೆ ಮೇಡಂ’ ಅನ್ನುತ್ತಾರೆ.

ಅಕ್ಕ: ಅತ್ತಿಗೆ, ಈ ಹುಡುಕಾಟ ನಿಮ್ಮ ಕೈಗೇ ಕೊಡಬೇಕಿತ್ತು.

(ಗುಂಪಿನಲ್ಲಿ ಕೇಳಿದ ಪ್ರಶ್ನೆಗಳಲ್ಲೆಲ್ಲ ನನಗೆ ಹಿಡಿಸಿದ್ದು ಇದೇ. ಅಣ್ಣ ಸಂಜೆ ಫೋನ್ ಮಾಡಿ ಕೇಳಿದ. ಸಿಕ್ಕಿದ್ದು ‘ನಮ್ಮ ತಂಡ’ದ ಉತ್ತರವೇ. ಅದನ್ನು ಅವನು ಗುಂಪಿನಲ್ಲಿ ಹಾಕಲಿಲ್ಲ. ಅತ್ತಿಗೆ ಹಾಕಿದರು.)

ಅಕ್ಕ: ನನ್ನ ಮಾತು ಕೇಳಿ. ಈಗ ಕ್ಲೀನಿಂಗ್ ಮಾಡುವ ಆಕೆ ಮನೆಯ ಮೂಲೆ ಮೂಲೆ ಬಲ್ಲಳು. ಅವಳಿಗೇ ಜಾಸ್ತಿ ಕೊಟ್ಟು ಪೂರ್ತಿ ಒಪ್ಪಿಸೋಣ. ಕಂಪನಿ ಯಾಕೆ?

ಅಣ್ಣ: ಅವಳಿಗೆ ಹುಷಾರಿಲ್ಲದ ದಿನ? ಬೇರೆ ಭಾಷೆಯ ಅತಿಥಿ ರಾತ್ರಿ ಮೆಸೇಜ್ ಮಾಡಿದರೆ? ಎರಡು ವೆಬ್‌ಸೈಟಿನಲ್ಲಿ ಒಂದೇ ದಿನಕ್ಕೆ ಎರಡು ಬುಕಿಂಗ್ ಬಿದ್ದರೆ? ಹೋದ ಸಲ ಬಿತ್ತಲ್ಲ.

ಅಕ್ಕ: ಕ್ಯಾಲೆಂಡರ್ ಲಿಂಕ್ ಹಾಕಿದ್ದೆ. ಅದು ತಡವಾಗಿ ಅಪ್‌ಡೇಟ್ ಆಯ್ತು. ನಾನೇನು ಮಾಡಲಿ.

ಭಾವ: ಅಣ್ಣ ಹೇಳುವುದರಲ್ಲಿ ಹುರುಳಿದೆ. ಆ ಕ್ಯಾಲೆಂಡರ್ ಲಿಂಕ್ (ಐಕ್ಯಾಲ್) ಇನ್ನೊಂದು ವೆಬ್‌ಸೈಟಿನ ಬುಕಿಂಗನ್ನು ಆಗಿಂದಾಗ್ಗೆ ಬಂದು ನೋಡಿಕೊಂಡು ಹೋಗುತ್ತದೆ, ನಡುವೆ ಕೆಲವು ಗಂಟೆ ಸಂದು ಉಳಿಯುತ್ತದೆ. ಆ ಸಂದಿನಲ್ಲಿ ಎರಡನೇ ಬುಕಿಂಗ್ ಬೀಳುತ್ತದೆ. ಎರಡು ಕಡೆ ಲಿಸ್ಟಿಂಗ್ ಇಟ್ಟರೆ ಚಾನೆಲ್ ಮ್ಯಾನೇಜರ್ ಅನ್ನುವ ಸಾಫ್ಟ್‌ವೇರ್ ಬೇಕೇ ಬೇಕು. ಅದು ಎರಡೂ ಕಡೆ ಕೂಡಲೇ ದಿನ ಮುಚ್ಚುತ್ತದೆ. ಬಿದ್ದ ಬುಕಿಂಗನ್ನು ನಾವೇ ರದ್ದು ಮಾಡಿದರೆ ದಂಡ ಬೇರೆ ಬೀಳುತ್ತದೆ.

ಅಣ್ಣ: ನೋಡಿ. ಭಾವ ನನ್ನ ಕಡೆ.

ಭಾವ: ನಾನು ಯಾರ ಕಡೆಯೂ ಇಲ್ಲ. ಕೆಲಸ ಎರಡು ಥರದ್ದು ಅಂತ ಹೇಳುತ್ತಿದ್ದೇನೆ. ಒಂದು ಎಲ್ಲಿ ಕೂತಾದರೂ ಮಾಡಬಹುದು: ಮೆಸೇಜ್, ರೇಟು, ಕ್ಯಾಲೆಂಡರ್. ಇನ್ನೊಂದಕ್ಕೆ ಬಾಗಿಲ ಹತ್ತಿರ ಮನುಷ್ಯ ಬೇಕು: ಬೀಗ, ನೀರು, ಕರೆಂಟು, ಬೆಡ್‌ಶೀಟು. ಈ ಕಂಪನಿಯ ಬಾಗಿಲ ಹತ್ತಿರದ ಮನುಷ್ಯ ಯಾರು?

ಅಣ್ಣ: ಸ್ಥಳೀಯ ಸೇವೆ ಅಂತ ಮೊದಲ ಪುಟದಲ್ಲೇ ಇದೆಯಲ್ಲ.

ನಾನು: ಮೊದಲ ಪುಟದಲ್ಲಿರೋದು ಜಾಹೀರಾತು. ನಾನು ಬೇರೆ ದಾರಿಯಿಂದ ನೋಡಿದೆ. ನಮ್ಮ ಮನೆಯ ಸುತ್ತ ಬಾಡಿಗೆಗಿರುವ ಮನೆಗಳನ್ನು ಮ್ಯಾಪ್‌ನಲ್ಲಿ ತೆಗೆದೆ. ಹೋಸ್ಟ್ ಪ್ರೊಫೈಲ್ ಒತ್ತಿದರೆ ಅವರು ನಡೆಸುವ ಬೇರೆ ಮನೆಗಳೂ ಕಾಣುತ್ತವೆ. ಈ ಕಂಪನಿಯವು ಹಾಗೇ ಸಿಕ್ಕವು. ಐದು ಸ್ಟಾರಿನವನ್ನು ಬಿಟ್ಟು ಮೂರು ಸ್ಟಾರಿನ ವಿಮರ್ಶೆಗಳನ್ನು ಮಾತ್ರ ಓದಿದೆ. ಮನೆ ಬೇರೆ ಬೇರೆ, ದೂರು ಒಂದೇ. ಬೀಗದ ಕೋಡ್ ಬರಲಿಲ್ಲ, ಫೋನ್ ಎತ್ತಿದವರು ಬೇರೆ ಊರಿನಲ್ಲಿ ಕೂತವರು, ಮನೆ ಎಲ್ಲಿದೆ ಅಂತ ಅತಿಥಿಯೇ ಅವರಿಗೆ ದಾರಿ ಹೇಳಬೇಕಾಯಿತು.

ಅಣ್ಣ: ಎಲ್ಲರಿಗೂ ನಾಲ್ಕು ಕೆಟ್ಟ ವಿಮರ್ಶೆ ಇದ್ದೇ ಇರುತ್ತವೆ.

ನಾನು: ಇರುತ್ತವೆ. ಒಂದೇ ದೂರು ಬೇರೆ ಬೇರೆ ಮನೆಗಳಲ್ಲಿ ಬಂದರೆ ಅದು ಮನೆಯ ತಪ್ಪಲ್ಲ.

ಚಿಕ್ಕಪ್ಪ: (ಫಾರ್ವರ್ಡ್) ಬಾರ್ಸಿಲೋನಾ ನಗರದಲ್ಲಿ ಪ್ರವಾಸಿಗರಿಗೆ ಮನೆ ಬಾಡಿಗೆ ಕೊಡುವ ಲೈಸೆನ್ಸ್‌ಗಳನ್ನೆಲ್ಲ 2028ರ ಹೊತ್ತಿಗೆ ನಿಲ್ಲಿಸುತ್ತಾರಂತೆ. ಎಚ್ಚರ.

ಅಣ್ಣ: ಚಿಕ್ಕಪ್ಪ, ನಮಗೂ ಅದಕ್ಕೂ ಏನು ಸಂಬಂಧ?

ಭಾವ: ಸುದ್ದಿ ನಿಜ, 2024ರಲ್ಲೇ ಘೋಷಿಸಿದ್ದಾರೆ. ಚಿಕ್ಕಪ್ಪ ಹಾಕಿದ್ದು ಒಳ್ಳೆಯದೇ ಆಯಿತು. ಕರಾರಿನ ಒಂಬತ್ತನೇ ಪುಟದಲ್ಲಿ, ಪರವಾನಗಿ, ತೆರಿಗೆ, ವಿಮೆ ಎಲ್ಲ ಮಾಲೀಕರ ಜವಾಬ್ದಾರಿ ಅಂತಿದೆ. ಅಂದರೆ ನಿಯಮ ಬದಲಾದರೆ ನೋಟಿಸ್ ಬರುವುದು ನಿಮ್ಮ ಮೂವರಿಗೆ, ಕಂಪನಿಗಲ್ಲ. ಮನೆಯ ವಿಮೆ ಪಾಲಿಸಿಯನ್ನೂ ತೆಗೆದು ನೋಡಿ. ದುಡ್ಡು ಕೊಟ್ಟು ತಂಗುವ ಅತಿಥಿಗಳಿಂದಾದ ನಷ್ಟವನ್ನು ಎಷ್ಟೋ ಸಾಮಾನ್ಯ ಪಾಲಿಸಿಗಳು ಒಪ್ಪುವುದಿಲ್ಲ.

ಚಿಕ್ಕಪ್ಪ: ಅದೇ ನನ್ನ ಆತಂಕ. (ಮತ್ತೊಂದು ಫಾರ್ವರ್ಡ್)

ನಾನು: ಇಷ್ಟೂ ತಿದ್ದಿಸಬಹುದಾದ ವಿಷಯ. ನನ್ನ ತಕರಾರು ಆರನೇ ಪುಟದ್ದು. ‘ಕಂಪನಿಯ ಖಾತೆಯಲ್ಲಿ ಹೊಸ ಲಿಸ್ಟಿಂಗ್ ತೆರೆಯಲಾಗುವುದು. ಹಳೆಯ ಲಿಸ್ಟಿಂಗ್ ಮುಚ್ಚತಕ್ಕದ್ದು.’ ಅಣ್ಣ, ಇದನ್ನು ಓದಿದೆಯಾ?

ಅಣ್ಣ: ಓದಿದೆ. ಅವರು ನಡೆಸುವುದಾದರೆ ಅವರ ಖಾತೆಯಲ್ಲೇ ತಾನೇ ಇರಬೇಕು?

ಅಕ್ಕ: ಏನು? ನನ್ನ ವಿಮರ್ಶೆಗಳೆಲ್ಲ?

ನಾನು: ಹೋಗುತ್ತವೆ ಅಕ್ಕ. ವಿಮರ್ಶೆ ಲಿಸ್ಟಿಂಗ್‌ಗೆ ಅಂಟಿಕೊಂಡಿರುತ್ತದೆ, ಲಿಸ್ಟಿಂಗ್ ಖಾತೆಗೆ. ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ಅದು ಬರುವುದಿಲ್ಲ. ಹೊಸ ಲಿಸ್ಟಿಂಗ್ ಸೊನ್ನೆಯಿಂದ ಶುರು. ನಾಳೆ ಕಂಪನಿ ಸರಿಬರದೆ ಬಿಟ್ಟೆವು ಅಂತಿಟ್ಟುಕೊಳ್ಳಿ. ಅಲ್ಲಿಯವರೆಗೆ ಕೂಡಿದ ಒಳ್ಳೆಯ ಮಾತೆಲ್ಲ ಅವರ ಖಾತೆಯಲ್ಲೇ ಉಳಿಯುತ್ತದೆ. ನಾವು ಮತ್ತೆ ಸೊನ್ನೆಯಿಂದ. ಮುಂದಿನ ತಿಂಗಳ ಬುಕಿಂಗ್‌ಗಳೂ ಅವರ ಹತ್ತಿರ, ಅತಿಥಿಗಳ ದುಡ್ಡೂ ಮೊದಲು ಅವರ ಬ್ಯಾಂಕಿಗೆ. ಬಿಡಬೇಕು ಅಂದರೂ ಬಿಡಲಾಗದ ಹಾಗೆ ಕಟ್ಟಿದ್ದಾರೆ. ಅದರ ಮೇಲೆ 90 ದಿನದ ನೋಟಿಸ್.

ಅಕ್ಕ: ನನ್ನ ಗೆಳತಿಗೆ ಹೀಗೇ ಆಗಿದ್ದು. ಹೆಸರು ಬೇಡ, ಅದು ಬೇರೆ ಕಂಪನಿ. ಬಿಟ್ಟ ಮೇಲೆ ತನ್ನದೇ ಮನೆಯ ಫೋಟೋಗಳಿಗೂ ಅವಳು ಅವರನ್ನೇ ಕೇಳಬೇಕಾಯಿತು. ತೆಗೆಸಿದವರು ಅವರು, ಹಕ್ಕು ಅವರದ್ದೇ ಅಂದರಂತೆ.

ಅಣ್ಣ: ಹಾಗಾದರೆ ಯಾವ ಕಂಪನಿಗೂ ಕೊಡೋದೇ ಬೇಡವಾ? ನೇರವಾಗಿ ಹೇಳಿ. ನಾನು ಹುಡುಕಿದ್ದೇ ತಪ್ಪು ಅಂತ.

ಅಕ್ಕ: ಶುರುವಾಯ್ತು.

ಅತ್ತಿಗೆ: ಇವರು ಎರಡು ವಾರದಿಂದ ಆಫೀಸ್ ಮುಗಿಸಿ ಬಂದು ಇದನ್ನೇ ಹುಡುಕುತ್ತಿದ್ದರು. ಅದನ್ನೂ ಸ್ವಲ್ಪ ಲೆಕ್ಕಕ್ಕೆ ಇಟ್ಟುಕೊಳ್ಳಿ.

ನಾನು: ಅಣ್ಣ, ಹುಡುಕಿದ್ದು ತಪ್ಪಲ್ಲ. ಅಕ್ಕ ಒಬ್ಬಳೇ ನಡೆಸೋದು ಇನ್ನು ಆಗದ ಕೆಲಸ. ಅದು ಅವಳಿಗೂ ಗೊತ್ತು. ನಾನು ಹೇಳೋದು ಇಷ್ಟೇ: ಅವರು ನಮ್ಮ ಲಿಸ್ಟಿಂಗ್‌ಗೆ ಕೋ-ಹೋಸ್ಟ್ ಆಗಿ ಬರಲಿ. ಖಾತೆ ನಮ್ಮದು, ವಿಮರ್ಶೆ ನಮ್ಮದು. ಮೆಸೇಜ್, ಕ್ಯಾಲೆಂಡರ್, ರೇಟು ಅವರು ನೋಡಲಿ. ಏರ್‌ಬಿಎನ್‌ಬಿಯಲ್ಲಿ ಕೋ-ಹೋಸ್ಟ್ ಪಾಲನ್ನು ಪ್ರತಿ ಬುಕಿಂಗಿನಿಂದ ನೇರವಾಗಿ ಹೋಗುವ ಹಾಗೂ ಇಡಬಹುದು. ಅವರ ದುಡ್ಡಿಗೆ ಅವರು ಕಾಯಬೇಕಿಲ್ಲ. ಬೇಡ ಅನಿಸಿದ ದಿನ ಹೆಸರು ತೆಗೆದರಾಯಿತು. 2024ರ ಅಕ್ಟೋಬರ್‌ನಿಂದ ಕೆಲವು ದೇಶಗಳಲ್ಲಿ ಏರ್‌ಬಿಎನ್‌ಬಿಯೇ ಸ್ಥಳೀಯ ಕೋ-ಹೋಸ್ಟ್‌ಗಳನ್ನು ಹುಡುಕಿಕೊಡುತ್ತಿದೆ. ಬೇರೆ ಮನೆಗಳಲ್ಲಿ ಅವರಿಗೆ ಸಿಕ್ಕ ರೇಟಿಂಗ್ ಕೂಡ ಅಲ್ಲೇ ಕಾಣುತ್ತದೆ.

ಭಾವ: ಕರಾರಿನಲ್ಲಿ ಇನ್ನೆರಡು ಸೇರಿಸಿ. ಒಂದು, ರಿಪೇರಿಗೆ ನಮ್ಮನ್ನು ಕೇಳದೆ ಎಷ್ಟರವರೆಗೆ ಖರ್ಚು ಮಾಡಬಹುದು ಅನ್ನುವ ಮಿತಿ. ಪ್ಲಂಬರ್ ಬಿಲ್ಲು ಇದ್ದ ಹಾಗೇ ಬರಲಿ, ಅದರ ಮೇಲೆ ಅವರದ್ದೊಂದು ಕಮಿಷನ್ ಬೇಡ. ಎರಡು, ಪ್ರತಿ ಅತಿಥಿ ಹೋದ ಮೇಲೆ ತಾರೀಖು ಇರುವ ಫೋಟೋ. ಏನಾದರೂ ಒಡೆದಿದ್ದರೆ ಚೆಕ್‌ಔಟ್ ಆಗಿ 14 ದಿನದೊಳಗೆ ಏರ್‌ಬಿಎನ್‌ಬಿಗೆ ಹೇಳಬೇಕು. ಫೋಟೋ ಇಲ್ಲದಿದ್ದರೆ ಸುಮ್ನೆ ಜಗಳ.

ಅಕ್ಕ: ಮೂರನೆಯದು ನನ್ನದು. ಒಂದೇ ರಾತ್ರಿಯ ಬುಕಿಂಗ್ ಬೇಡ. ಅವರಿಗೆ ಎಷ್ಟು ರಾತ್ರಿ ತುಂಬಿದರೆ ಅಷ್ಟು ಕಮಿಷನ್. ಸವೆಯೋದು ನಮ್ಮ ಹಾಸಿಗೆ, ನಮ್ಮ ನಲ್ಲಿ. ಕನಿಷ್ಠ ಎರಡು ರಾತ್ರಿ.

ಅಣ್ಣ: ವಾರದ ಮಧ್ಯೆ ಖಾಲಿ ಬಿದ್ದಿದ್ದರೂ?

ಅಕ್ಕ: ಸರಿ, ವಾರದ ಮಧ್ಯೆ ನೀನು ಹೇಳಿದ ಹಾಗೇ ಆಗಲಿ.

ಅತ್ತಿಗೆ: ಕ್ಲೀನಿಂಗ್‌ಗೆ ಈಗಿರುವ ಆಕೆಯೇ ಇರಲಿ ಅಂತಲೂ ಬರೆಯಿರಿ. ಕಂಪನಿ ಬದಲಾದರೂ ಆಕೆ ಬದಲಾಗಬಾರದು.

ಅಕ್ಕ: ಇದಕ್ಕೆ ನನ್ನ ಎರಡು ಓಟು.

ಅಣ್ಣ: ಆಯ್ತು, ಕಂಪನಿಯವರನ್ನು ಕೇಳಿದೆ. ಕಮಿಷನ್ ಲೆಕ್ಕಕ್ಕೆ, ರಿಪೇರಿ ಮಿತಿಗೆ ಒಪ್ಪುತ್ತಾರಂತೆ. ಖಾತೆ ವಿಷಯಕ್ಕೆ ಮಾತ್ರ ಒಪ್ಪುತ್ತಿಲ್ಲ. ‘ನಮ್ಮ ಸಿಸ್ಟಮ್ ಹಾಗಿಲ್ಲ ಸರ್’ ಅಂದರು.

ನಾನು: ಹಾಗಾದರೆ ಅವರು ಬೇಡ.

ಭಾವ: ನನಗೂ ಹಾಗೇ ಅನಿಸುತ್ತದೆ.

ಅಣ್ಣ: ಎರಡು ವಾರ ಹಾಳು.

ನಾನು: ಹಾಳಲ್ಲ. ಏನು ಕೇಳಬೇಕು ಅಂತ ಈಗ ಗೊತ್ತಾಯಿತಲ್ಲ. ಮ್ಯಾಪ್‌ನಲ್ಲಿ ನೋಡುವಾಗ ಇನ್ನೊಬ್ಬರು ಸಿಕ್ಕಿದ್ದಾರೆ. ಗಂಡ ಹೆಂಡತಿ, ನಾಲ್ಕೈದು ಮನೆ ನೋಡಿಕೊಳ್ಳುತ್ತಾರೆ, ಎಲ್ಲವೂ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ. ಅವರ ಮನೆಯೊಂದಕ್ಕೆ ಅತಿಥಿಯ ಹಾಗೆ ರಾತ್ರಿ ಒಂದು ಪ್ರಶ್ನೆ ಕಳಿಸಿದೆ, ನೀರು ಬಿಸಿ ಇರುತ್ತಾ ಅಂತ. ‘ಗೀಸರ್ ಸ್ವಿಚ್ ಬಾತ್‌ರೂಮಿನ ಹೊರಗೆ, ಫ್ರಿಜ್ ಪಕ್ಕದಲ್ಲಿದೆ, ಹತ್ತು ನಿಮಿಷ ಮೊದಲು ಹಾಕಿ’ ಅಂತ ಉತ್ತರ ಬಂತು.

ಅತ್ತಿಗೆ: ಸ್ವಿಚ್ ಎಲ್ಲಿದೆ ಅಂತ ಗೊತ್ತಿದೆ ಅಂದರೆ ಮನೆಯೊಳಗೆ ಕಾಲಿಟ್ಟಿದ್ದಾರೆ.

ಅಣ್ಣ: ಎಷ್ಟು ಕೇಳುತ್ತಾರೆ?

ನಾನು: ಶೇ 22. ಕ್ಲೀನಿಂಗ್, ವೆಬ್‌ಸೈಟ್ ಶುಲ್ಕ ಕಳೆದು ಉಳಿದದ್ದರ ಮೇಲೆ. 75ಕ್ಕೆ ಹದಿನಾರೂವರೆ. ಕೋ-ಹೋಸ್ಟ್ ಆಗಿ ಬರಲು ತಕರಾರಿಲ್ಲವಂತೆ. ತಿಂಗಳ ನೋಟಿಸ್ ಸಾಕಂತೆ. ಆದರೆ ರೇಟು ದಿನಕ್ಕೊಂದು ಬದಲಿಸುವ ಸಾಫ್ಟ್‌ವೇರ್ ಅವರ ಹತ್ತಿರ ಇಲ್ಲ. ಅದನ್ನು ನಾವೇ ಹಾಕಿಕೊಳ್ಳಬೇಕು.

ಅಣ್ಣ: ರೇಟು ನಾನು ನೋಡಿಕೊಳ್ಳುತ್ತೇನೆ.

ಅಕ್ಕ: ನೋಡಿಕೋ. ಸೀಸನ್‌ಗೆ ಮೊದಲು ಎರಡು ತಿಂಗಳು ಇವರ ಜೊತೆ ಪ್ರಯತ್ನ ಮಾಡೋಣ.

ಅಣ್ಣ: ಒಪ್ಪಿದೆ. ಆದರೆ ಒಂದು ಮಾತು. ಲಿಸ್ಟಿಂಗ್ ನಮ್ಮ ಹೆಸರಿನಲ್ಲೇ ಇರಬೇಕು ಅಂತ ಇಷ್ಟು ಹೊತ್ತು ಹೊಡೆದಾಡಿದಿರಿ. ಈಗ ಅದು ಇರೋದು ಅಕ್ಕ ಒಬ್ಬಳ ಹೆಸರಿನಲ್ಲಿ. ದುಡ್ಡು ಬರೋದೂ ಅವಳ ಬ್ಯಾಂಕಿಗೆ.

ಅಕ್ಕ: ಪ್ರತಿ ತಿಂಗಳೂ ಲೆಕ್ಕ ಹಾಕಿ ಮೂರು ಪಾಲು ಕಳಿಸಿದವಳಿಗೆ ಈ ಮಾತಾ?

ಭಾವ: ಅವನು ಕೇಳಿದ್ದರಲ್ಲಿ ತಪ್ಪೇನಿಲ್ಲ ಕಣೇ. ಮೂವರ ಜಂಟಿ ಖಾತೆ ತೆರೆಯಿರಿ, ದುಡ್ಡು ಅಲ್ಲಿಗೇ ಬರಲಿ.

ಅಕ್ಕ: ತೆರೆಯೋಣ. ನನಗೂ ತಿಂಗಳು ತಿಂಗಳು ಲೆಕ್ಕ ಹಾಕುವ ಕೆಲಸ ತಪ್ಪುತ್ತದೆ. ನಿಮ್ಮಿಬ್ಬರನ್ನೂ ಕೋ-ಹೋಸ್ಟ್ ಮಾಡುತ್ತೇನೆ, ಬುಕಿಂಗೆಲ್ಲ ನೀವೇ ನೋಡಿಕೊಳ್ಳಿ.

ಅಣ್ಣ: ಕೋ-ಹೋಸ್ಟ್ ಆದರೆ ಅತಿಥಿಗಳ ಮೆಸೇಜ್ ರಾತ್ರಿ ನನ್ನ ಫೋನಿಗೂ ಬರುತ್ತಾ?

ಅಕ್ಕ: ಬರುತ್ತದೆ.

ಅತ್ತಿಗೆ: ಬೇಡಮ್ಮ. ಇವರಿಗೆ ಕ್ಯಾಲೆಂಡರ್ ಮಾತ್ರ ಕಾಣುವ ಹಾಗೆ ಮಾಡಿ, ಅಂಥದ್ದೊಂದು ಆಯ್ಕೆ ಇದೆ.

ಅಕ್ಕ: ಸರಿ ಅತ್ತಿಗೆ. ಇನ್ವೈಟ್ ಕಳಿಸಿದ್ದೇನೆ, ಒತ್ತೋಕೆ ಹೇಳಿ.