ಸೆಪ್ಟೆಂಬರ್ 11ರ ಧೂಳು ತಂದ ಕಾಯಿಲೆ: ಪರಿಹಾರಕ್ಕೆ ಅರ್ಜಿ ಹಾಕಿದವರ ಅನುಭವಗಳು

ಪ್ರಶ್ನೆ: 2001ರಲ್ಲಿ ನಾನು ನ್ಯೂಜೆರ್ಸಿಯ ಕನ್ಸಲ್ಟಿಂಗ್ ಕಂಪನಿಯೊಂದರ ನೌಕರನಾಗಿ ನ್ಯೂಯಾರ್ಕಿನ ವಾಲ್ ಸ್ಟ್ರೀಟ್ ಬಳಿಯ ಕ್ಲೈಂಟ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ. ಅವಳಿ ಗೋಪುರಗಳು ಕುಸಿದ ಮರುವಾರದಿಂದ ಆ ಚಳಿಗಾಲ ಮುಗಿಯುವವರೆಗೂ ಅಲ್ಲಿಗೇ ಹೋಗಿಬರುತ್ತಿದ್ದೆ. ಕಳೆದ ತಿಂಗಳು ನನಗೆ ಥೈರಾಯ್ಡ್ ಕ್ಯಾನ್ಸರ್ ಇರುವುದು ಖಚಿತವಾಯಿತು. ಆಗ ಎಚ್-1ಬಿ ವೀಸಾದಲ್ಲಿದ್ದ, ರಕ್ಷಣಾ ಕಾರ್ಯದಲ್ಲಿ ತೊಡಗಿರದ ನನ್ನಂಥವರಿಗೂ ಅಮೆರಿಕ ಸರ್ಕಾರದ ಪರಿಹಾರ ದೊರೆಯುತ್ತದೆಯೇ? ಅಷ್ಟು ಹಳೆಯ ದಾಖಲೆಗಳನ್ನು ಎಲ್ಲಿಂದ ತರುವುದು? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ: ಮಾನ್ಯರೇ, ದೊರೆಯುತ್ತದೆ. ಅಗ್ನಿಶಾಮಕ ಸಿಬ್ಬಂದಿಗಷ್ಟೇ ಈ ಪರಿಹಾರವೆಂದು ನಾನೂ ಬಹಳ ವರ್ಷ ನಂಬಿ ಸುಮ್ಮನಿದ್ದೆ. ಪ್ರಾಸ್ಟೇಟ್ ಕ್ಯಾನ್ಸರ್ ಬಂದ ಮೇಲೆಯೇ ವಿಚಾರಿಸಿದ್ದು. ಆ ಪ್ರದೇಶದಲ್ಲಿ ವಾಸವಿದ್ದವರು, ಓದುತ್ತಿದ್ದವರು, ಕಚೇರಿಗೆ ಬರುತ್ತಿದ್ದವರು ಎಲ್ಲರೂ ಅರ್ಹರು, ಪೌರತ್ವವನ್ನಾಗಲಿ ವೀಸಾವನ್ನಾಗಲಿ ಪರಿಗಣಿಸುವುದಿಲ್ಲ.

ನೀವು ವ್ಯವಹರಿಸಬೇಕಾದ ಕಚೇರಿಗಳು ಎರಡು, ಒಂದಕ್ಕೆ ಕೊಟ್ಟ ಅರ್ಜಿ ಇನ್ನೊಂದಕ್ಕೆ ಸಲ್ಲುವುದಿಲ್ಲ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ. ವರ್ಲ್ಡ್ ಟ್ರೇಡ್ ಸೆಂಟರ್ ಹೆಲ್ತ್ ಪ್ರೋಗ್ರಾಂ ನಿಮ್ಮನ್ನು ಪರೀಕ್ಷಿಸಿ, ಕಾಯಿಲೆಗೂ ಆ ಧೂಳಿಗೂ ಸಂಬಂಧವಿದೆಯೆಂದು ಪ್ರಮಾಣೀಕರಿಸುತ್ತದೆ ಮತ್ತು ಚಿಕಿತ್ಸೆ ಕೊಡಿಸುತ್ತದೆ. ಹಣ ಕೊಡುವುದು ನ್ಯಾಯ ಇಲಾಖೆಯ ಅಡಿಯಲ್ಲಿರುವ ಸಂತ್ರಸ್ತರ ಪರಿಹಾರ ನಿಧಿ. 2019ರ ಜುಲೈ 29ರಂದು ಜಾರಿಗೆ ಬಂದ ಕಾನೂನಿನಂತೆ ನಿಧಿಗೆ 2090ರ ಅಕ್ಟೋಬರ್ 1ರವರೆಗೆ ಅರ್ಜಿ ಸಲ್ಲಿಸಬಹುದು. ಈ ದೂರದ ದಿನಾಂಕ ನೋಡಿ ನಿಧಾನಿಸಿ ಕೆಟ್ಟವರನ್ನು ನಾನು ಬಲ್ಲೆ. ಹೆಲ್ತ್ ಪ್ರೋಗ್ರಾಂ ಕಾಯಿಲೆಯನ್ನು ಪ್ರಮಾಣೀಕರಿಸಿದ ದಿನದಿಂದ ಎರಡು ವರ್ಷದೊಳಗೆ ನಿಧಿಯಲ್ಲಿ ಹೆಸರು ನೋಂದಾಯಿಸಲೇಬೇಕು. ನೋಂದಣಿಯೆಂದರೆ ಅರ್ಜಿಯಲ್ಲ, ಅದರಿಂದ ನಿಮ್ಮ ಯಾವ ಹಕ್ಕೂ ಹೋಗುವುದಿಲ್ಲ. ಆದ್ದರಿಂದ ಈ ವಾರವೇ ಅದನ್ನು ಮಾಡಿ ಮುಗಿಸಿ.

ಕ್ಯಾನ್ಸರ್ ಇಷ್ಟು ತಡವಾಗಿ ಕಾಣಿಸಿಕೊಂಡಿತಲ್ಲ ಎಂಬ ಅಳುಕು ಬೇಡ. ಹೆಲ್ತ್ ಪ್ರೋಗ್ರಾಂನ ನಿಯಮ ಕೇಳುವುದು ಧೂಳು ಸೋಕಿದ್ದಕ್ಕೂ ಕ್ಯಾನ್ಸರ್ ಪತ್ತೆಯಾದದ್ದಕ್ಕೂ ನಡುವಿನ ಕನಿಷ್ಠ ಅಂತರವನ್ನು: ಥೈರಾಯ್ಡ್ ಕ್ಯಾನ್ಸರಿಗೆ ಎರಡೂವರೆ ವರ್ಷ, ಬಹುತೇಕ ಗಡ್ಡೆ ರೂಪದ ಕ್ಯಾನ್ಸರುಗಳಿಗೆ ನಾಲ್ಕು ವರ್ಷ. ಸೈನಸ್, ಆಮ್ಲಪಿತ್ತದಂಥ ತೊಂದರೆಗಳ ಲೆಕ್ಕ ಇದಕ್ಕೆ ವಿರುದ್ಧ. ಅವು ಧೂಳು ಸೋಕಿದ ಮೊದಲ ವರ್ಷಗಳಲ್ಲೇ ಶುರುವಾಗಿದ್ದವೆಂದು ತೋರಿಸಬೇಕಾಗುತ್ತದೆ. ನಾನು ಆಗ ನೆಗಡಿಯೆಂದು ಅಂಗಡಿ ಮಾತ್ರೆ ನುಂಗಿಕೊಂಡಿದ್ದವನು; ವೈದ್ಯರ ಚೀಟಿ ಒಂದೂ ಇರಲಿಲ್ಲವಾಗಿ ಸೈನಸ್ ತೊಂದರೆ ಪರಿಹಾರದ ಲೆಕ್ಕದಿಂದ ಬಿಟ್ಟುಹೋಯಿತು.

ನನ್ನನ್ನು ಬಳಲಿಸಿದ್ದು ಕಾಯಿಲೆಯ ದಾಖಲೆಯಲ್ಲ, ನಾನು ಅಲ್ಲಿದ್ದೆನೆಂಬುದರ ದಾಖಲೆ. 2001ರ ಸೆಪ್ಟೆಂಬರ್ 11ರಿಂದ 2002ರ ಮೇ 30ರ ನಡುವೆ ನಿಗದಿತ ಪ್ರದೇಶದಲ್ಲಿ ಇದ್ದುದನ್ನು ಸಾಬೀತುಪಡಿಸಬೇಕು. ನಮ್ಮಂಥ ಕನ್ಸಲ್ಟೆಂಟ್‌ಗಳ ಪಾಡು ವಿಚಿತ್ರ: ಸಂಬಳದ ಚೀಟಿಯಲ್ಲಿರುವುದು ನ್ಯೂಜೆರ್ಸಿಯ ವಿಳಾಸ, ಕುಳಿತು ಧೂಳು ಕುಡಿದದ್ದು ಮ್ಯಾನ್‌ಹಟನ್‌ನಲ್ಲಿ. ನಮ್ಮ ಕಂಪನಿ ಮುಚ್ಚಿಹೋಗಿತ್ತು, ಕ್ಲೈಂಟ್ ಬಳಿ ನನ್ನ ಹೆಸರೇ ಇರಲಿಲ್ಲ. ಸರ್ಕಾರದ ಪಿಂಚಣಿ ಕಚೇರಿಯಾದ ಸೋಷಿಯಲ್ ಸೆಕ್ಯುರಿಟಿಯಿಂದ ತರಿಸಿದ ಗಳಿಕೆಯ ವಿವರ ಯಾರ ನೌಕರನೆಂಬುದನ್ನು ಹೇಳಿತೇ ಹೊರತು ಎಲ್ಲಿ ಕುಳಿತಿದ್ದೆನೆಂದು ಹೇಳಲಿಲ್ಲ. ಎಚ್-1ಬಿಗಾಗಿ ಕಾರ್ಮಿಕ ಇಲಾಖೆಗೆ ಸಲ್ಲಿಸಿದ್ದ ಅರ್ಜಿಯ ಪ್ರತಿ ಹಳೆಯ ಪಾಸ್‌ಪೋರ್ಟಿನೊಡನೆ ಸಿಕ್ಕಿತು. ಕೆಲಸದ ಸ್ಥಳ ನ್ಯೂಯಾರ್ಕ್ ನಗರವೆಂದು ಅದರಲ್ಲಿತ್ತು. ಕೊನೆಗೆ ಕೈಹಿಡಿದದ್ದು ಪಕ್ಕದ ಮೇಜಿನಲ್ಲಿದ್ದ ಇಬ್ಬರು ಸಹೋದ್ಯೋಗಿಗಳ ಪ್ರಮಾಣಪತ್ರ (ಅಫಿಡವಿಟ್). ಅವರಲ್ಲೊಬ್ಬರನ್ನು ಹುಡುಕಲು ಏಳು ತಿಂಗಳು ಹಿಡಿಯಿತು. ಹಳೆಯ ಈಮೇಲ್, ಟೈಮ್‌ಶೀಟ್, ಕಟ್ಟಡದ ಗುರುತಿನ ಚೀಟಿ, ಏನಿದ್ದರೂ ಎಸೆಯಬೇಡಿ.

ಹಣದ ವಿಷಯ ಚಿಕ್ಕದು. ನೋವು ನಷ್ಟಕ್ಕೆಂದು ಒಂದು ಕ್ಯಾನ್ಸರಿಗೆ ಗರಿಷ್ಠ 2,50,000 ಡಾಲರ್, ಇತರ ಕಾಯಿಲೆಗಳಿಗೆ 90,000 ಡಾಲರ್ ಮಿತಿಯಿದೆ. ಗಳಿಕೆಯ ನಷ್ಟಕ್ಕೆ ಬೇರೆ ಲೆಕ್ಕ. ವಕೀಲರು ಹತ್ತು ಶೇಕಡಾಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ನಾನು ವಕೀಲರಿಲ್ಲದೆಯೇ ಸಲ್ಲಿಸಿದೆ. ಬರವಣಿಗೆಯಲ್ಲಿ ತಾಳ್ಮೆಯಿರುವವರಿಗೆ ಅದು ಅಸಾಧ್ಯವೇನಲ್ಲ.

ಎರಡನೆಯ ಉತ್ತರ: ನನ್ನ ಯಜಮಾನರು ಹೆಲ್ತ್ ಪ್ರೋಗ್ರಾಂಗೆ ಸೇರುವ ಮೊದಲೇ ತೀರಿಕೊಂಡರು. ಅಂಥ ಸಂದರ್ಭದಲ್ಲಿ ಚಿಕಿತ್ಸೆ ನೀಡಿದ ಖಾಸಗಿ ವೈದ್ಯರ ಮೂಲಕ ಪ್ರಮಾಣೀಕರಣಕ್ಕೆ ಅವಕಾಶವಿದೆ. ಆದರೆ ಹೆಂಡತಿ ಎಂದ ಮಾತ್ರಕ್ಕೆ ಅರ್ಜಿ ಸಲ್ಲಿಸಲಾಗದು. ನ್ಯಾಯಾಲಯವು ನನ್ನನ್ನು ಅವರ ಅಧಿಕೃತ ಪ್ರತಿನಿಧಿಯಾಗಿ ನೇಮಿಸಬೇಕಾಯಿತು. ಮಂಜೂರಾದ ಮೊತ್ತದಲ್ಲಿ ಜೀವವಿಮೆಯ ಹಣವನ್ನು ಕಳೆದರೆಂಬುದು ನನಗೆ ಆಮೇಲೆ ತಿಳಿಯಿತು. ನೀವು ಸ್ವತಃ ಓಡಾಡಬಲ್ಲ ಸ್ಥಿತಿಯಲ್ಲಿರುವಾಗಲೇ, ಅಣ್ಣಾ, ನೀವು ಅಂದು ಎಲ್ಲಿದ್ದಿರಿ, ಜೊತೆಗಿದ್ದವರು ಯಾರು ಎಂಬುದನ್ನು ಬರೆದು ಮನೆಯವರ ಕೈಗೆ ಕೊಡಿ. ನಮ್ಮ ಯಜಮಾನರ ಸಹೋದ್ಯೋಗಿಗಳ ಹೆಸರುಗಳು ನನಗೆ ಗೊತ್ತಿರಲಿಲ್ಲ.

ಮೂರನೆಯ ಉತ್ತರ: ಮೊದಲ ಉತ್ತರದಲ್ಲಿ "ನಿಗದಿತ ಪ್ರದೇಶ" ಎಂದಿದೆ; ಎರಡು ಕಚೇರಿಗಳ ಗಡಿ ಒಂದೇ ಅಲ್ಲ. ಹೆಲ್ತ್ ಪ್ರೋಗ್ರಾಂ ಮ್ಯಾನ್‌ಹಟನ್‌ನಲ್ಲಿ ಹ್ಯೂಸ್ಟನ್ ಸ್ಟ್ರೀಟಿನ ದಕ್ಷಿಣ ಭಾಗವನ್ನೂ ಬ್ರೂಕ್ಲಿನ್‌ನ ಕೆಲವು ಭಾಗವನ್ನೂ ಒಪ್ಪುತ್ತದೆ. ಪರಿಹಾರ ನಿಧಿಯ ಗಡಿ ಮುಖ್ಯವಾಗಿ ಅದಕ್ಕಿಂತ ದಕ್ಷಿಣಕ್ಕಿರುವ ಕೆನಾಲ್ ಸ್ಟ್ರೀಟಿಗೇ ನಿಲ್ಲುತ್ತದೆ. ನನ್ನ ಕಚೇರಿ ಆ ಎರಡು ಬೀದಿಗಳ ನಡುವೆ ಇತ್ತು. ಚಿಕಿತ್ಸೆ ದೊರೆಯುತ್ತಿದೆ, ಹಣ ದೊರೆಯಲಿಲ್ಲ. ವಾಲ್ ಸ್ಟ್ರೀಟ್ ಇನ್ನೂ ದಕ್ಷಿಣಕ್ಕಿರುವುದರಿಂದ ನಿಮಗೆ ಈ ತೊಡಕಿಲ್ಲ. ಆದರೂ ಪ್ರಮಾಣಪತ್ರ ಬರೆದುಕೊಡುವವರು ಬರಿಯ "ಮ್ಯಾನ್‌ಹಟನ್" ಎನ್ನದೆ, ಕಟ್ಟಡದ ಸಂಖ್ಯೆ, ಬೀದಿಯ ಹೆಸರು ಮತ್ತು ನಿಮ್ಮನ್ನು ಅಲ್ಲಿ ಕಂಡ ತಿಂಗಳುಗಳನ್ನು ನಮೂದಿಸುವಂತೆ ನೋಡಿಕೊಳ್ಳಿ.